ಗಾಡಿಯ ಮೂಗಿಗೆ ಕಟ್ಟಿದ ಬಟ್ಟೆ

ಜಾಂಬೋಟಿಯ ಏರಿನಲ್ಲಿ ತರಕಾರಿ ಹೇರಿಕೊಂಡು ಗೋವಾಕ್ಕೆ ಹೊರಟ ಒಂದು ಟೆಂಪೋ ನನ್ನ ಕಾರನ್ನು ಹಿಂದೆ ಹಾಕಿ ಹೋಯಿತು. ಕೋಸಿನ ಚೀಲಗಳ ಮೇಲೆ ಒಬ್ಬ ಆರಾಮಾಗಿ ಮಲಗಿದ್ದ. ಹೋಗುತ್ತ ಹೋಗುತ್ತ ನನಗೆ ಕೈ ಬೇರೆ ಮಾಡಿದ. ನಾನು ಎಕ್ಸಲರೇಟರನ್ನು ತಳ ಮುಟ್ಟುವ ಹಾಗೆ ತುಳಿದಿದ್ದೆ. ಗಾಡಿ ಉಬ್ಬಸದವರ ಹಾಗೆ ಏದಿತೇ ಹೊರತು ಮುಂದೆ ಸರಿಯಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಈ ಗಾಡಿಗೆ ಉಸಿರು ಸಾಲುತ್ತಿಲ್ಲ, ಇದಕ್ಕೊಂದು ಹೊಸ ಮೂಗನ್ನು ನಾನೇ ಮಾಡಿ ಹಚ್ಚುತ್ತೇನೆ ಎಂದು.

ಬೆಳಗಾವಿಯಲ್ಲಿ ನನ್ನದು ಎರಡು ಲೇಥ್ ಮಶೀನಿನ ಸಣ್ಣ ಶೆಡ್ಡು, ಮನೆ ಅನಗೋಳದ ಓಣಿಯಲ್ಲಿ. ಕೆಟ್ಟದ್ದನ್ನು ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು, ಕೆಡದೇ ಇರುವುದನ್ನು ಬಿಚ್ಚುವುದು ನನ್ನ ಚಟ. ಜೊತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಟೆಂಪೋದ ಮೇಲೆ ಮಲಗಿದವನ ಕೈ ನನ್ನ ಕಣ್ಣಿಂದ ವಾರವಾದರೂ ಹೋಗಲಿಲ್ಲ.

ಇಂಜಿನ್ನಿಗೆ ಪೆಟ್ರೋಲು ಎಷ್ಟು ಬೇಕೋ ಗಾಳಿ ಅದಕ್ಕಿಂತ ಹೆಚ್ಚು ಬೇಕು. ಕಂಪನಿಯವರು ಒಂದು ಕರಿ ಪ್ಲಾಸ್ಟಿಕ್ ಡಬ್ಬಿ ಇಟ್ಟು, ಅದರೊಳಗೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್ ಕೂರಿಸಿ, ಒಂದು ಕಿರಿದಾದ ಬಾಯಿಯಿಂದ ಗಾಳಿ ಎಳೆಯುವ ವ್ಯವಸ್ಥೆ ಮಾಡಿರುತ್ತಾರೆ. ಅದೂ ಬಿಸಿಯಾದ ಇಂಜಿನ್ನಿನ ಪಕ್ಕದ ಗಾಳಿ. ನನ್ನ ಲೆಕ್ಕ ಸರಳವಿತ್ತು. ದೊಡ್ಡ ಪೈಪು ಹಾಕಬೇಕು, ಅದರ ಬಾಯಿಯನ್ನು ಮುಂದಿನ ಬಂಪರಿನ ಹಿಂದೆ ಕೆಳಗೆ ಇಡಬೇಕು, ಎದುರಿನ ತಣ್ಣನೆಯ ಗಾಳಿ ನೆಟ್ಟಗೆ ಒಳಗೆ ಬರಬೇಕು.

ಮೊದಲು ಮೂರು ಇಂಚಿನ ಪಿವಿಸಿ ಪೈಪು ತಂದೆ. ನಾಲ್ಕೇ ದಿನಕ್ಕೆ ಇಂಜಿನ್ನಿನ ಶಾಖಕ್ಕೆ ಮೆತ್ತಗಾಗಿ ಒಂದು ಕಡೆ ವಾಲಿತು. ಬಾಜೂ ಶೆಡ್ಡಿನ ವೆಲ್ಡರ್, ಮನೆಯಲ್ಲಿ ಮರಾಠಿ ಮಾತಾಡುವ, ಕೆಲಸಕ್ಕಿಂತ ಜಾಸ್ತಿ ನಗುವ ಮನುಷ್ಯ, ಬಾನೆಟ್ಟಿನೊಳಗೆ ಬಗ್ಗಿ ನೋಡಿದ.

"ಏನ್ರೀ ಇದು, ಗಾಡೀಗೆ ಬಚ್ಚಲದ ಪೈಪ್ ಹಚ್ಚೀರಿ. ಸಂಡಾಸ ಕಟ್ಟಿಸೂದು ಯಾವಾಗ?"

"ನಗೂದು ಬಿಡು. ಅಲ್ಯುಮಿನಿಯಂ ಪೈಪ್ ತರ್ತೇನಿ, ಜೋಡಿಸಿ ಕೊಡ್ತಿಯೋ ಇಲ್ಲೋ?"

"ಕೊಡ್ತೇನಿ. ಆದ್ರ ಖರೇ ಹೇಳ್ರಿ, ಹಳೇದಕ್ಕ ಏನಾಗಿತ್ತು?"

ಹಳೆಯದಕ್ಕೆ ಏನೂ ಆಗಿರಲಿಲ್ಲ. ಅದನ್ನು ಅವನ ಮುಂದೆ ಒಪ್ಪಿಕೊಳ್ಳುವವನು ನಾನಲ್ಲ. ಗುಜರಿಯಿಂದ ಪೈಪು ಆರಿಸಿ ತಂದು, ಎರಡು ಕಡೆ ಓರೆಯಾಗಿ ಕೊಯ್ದು ಕೊಟ್ಟೆ, ಅವನು ಬೆಸೆದ. ತುದಿಯ ಬಳೆಗಳನ್ನು ನಾನೇ ಲೇಥಿನಲ್ಲಿ ಕಡೆದೆ. ಗಾಳಿಯ ಬಿಸಿ ಅಳೆಯುವ ಸೆನ್ಸರಿಗೆ ತೂತು ಕೊರೆದು ರಬ್ಬರು ಕೂರಿಸಿದೆ. ಬಾಯಿಗೆ ಸ್ಟೀಲಿನ ಜಾಳಿಗೆ, ಅದರ ಹಿಂದೆ ಒಂದು ದುಂಡನೆಯ ಫಿಲ್ಟರು. ನಿಜ ಹೇಳಬೇಕೆಂದರೆ ಅಷ್ಟು ಚಂದದ ಕೆಲಸವನ್ನು ನಾನು ಗಿರಾಕಿಗಳಿಗೂ ಮಾಡಿಕೊಟ್ಟಿರಲಿಲ್ಲ.

ತೊಡಕು ಬಂದದ್ದು ಹಳೆಯ ಫಿಲ್ಟರಿನಿಂದ. ಅದನ್ನು ಬಿಚ್ಚಿ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅವ್ವ ನೋಡಿದಳು. ಎಪ್ಪತ್ತಾರು ವರ್ಷದ ಆಕೆಯ ಕಣ್ಣು ಇನ್ನೂ ಚೂಪು. ಮಡಿಕೆಗಳ ನಡುವೆ ಪತಂಗ, ಜೇನ್ನೊಣ, ಹೆಸರಿಲ್ಲದ ಸಣ್ಣ ರೆಕ್ಕೆಯ ಹುಳಗಳು ಒಣಗಿ ಸಿಕ್ಕಿಕೊಂಡಿದ್ದವು.

ನಾವು ಜೈನರು. ನಮ್ಮ ಮನೆಯಲ್ಲಿ ಬಾವಿಯಿಂದ ಸೇದಿದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿದದ್ದಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರ ಮೇಲೆ ನೀರು ಬಿಟ್ಟು, ಅದರಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿ ಇಳಿಸುತ್ತಾಳೆ ಅವ್ವ. ನಲ್ಲಿ ಬಂದು ಎಷ್ಟೋ ವರ್ಷಗಳಾದವು; ಬಾವಿಯನ್ನೂ ಬಟ್ಟೆಯನ್ನೂ ಆಕೆ ಬಿಡಲಿಲ್ಲ. ಅಂಥವಳ ಮುಂದೆ ನಾನು ಆ ಫಿಲ್ಟರನ್ನು ಇಟ್ಟಿದ್ದೆ.

"ಇಷ್ಟು ಜೀವ ಹೋಗ್ಯಾವೇನೋ ನಿನ್ನ ಗಾಡ್ಯಾಗ?"

"ಎಲ್ಲಾರ ಗಾಡ್ಯಾಗೂ ಹೋಗ್ತಾವ ಅವ್ವಾ."

"ಹೊಸಾದ್ರಾಗ ಕಡಿಮಿ ಆಗ್ತಾವೇನು?"

ಸುಳ್ಳು ಹೇಳಬಹುದಿತ್ತು. ಹೆಮ್ಮೆ ಬಿಡಲಿಲ್ಲ. "ಇದರ ಬಾಯಿ ದೊಡ್ಡದು, ಇನ್ನೂ ಜೋರಾಗಿ ಎಳೀತದ" ಎಂದುಬಿಟ್ಟೆ. ಆಕೆ ಒಳಗೆ ಹೋದಳು.

ಅದೇ ವಾರ ಖಾನಾಪುರದಿಂದ ನನ್ನ ಸೋದರತ್ತೆಯ, ಅಪ್ಪನ ತಂಗಿಯ, ಫೋನು ಬಂತು. ಅವ್ವನ ಅಣ್ಣ ಮೂವತ್ತು ವರ್ಷಗಳ ಹಿಂದೆ ಮನೆ ಬಿಟ್ಟು ದಿಗಂಬರ ಮುನಿ ದೀಕ್ಷೆ ತೆಗೆದುಕೊಂಡವರು; ಮುನಿಗಳನ್ನು ನಾವು ಮಹಾರಾಜರು ಎನ್ನುತ್ತೇವೆ. ಬರಿಗಾಲಲ್ಲಿ ಊರೂರು ನಡೆಯುತ್ತ, ದಿನಕ್ಕೊಮ್ಮೆ ಮಾತ್ರ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತ ಬದುಕಿದವರು. ಈಗ ವಯಸ್ಸು ಎಂಬತ್ತು ದಾಟಿತ್ತು. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುವುದಕ್ಕೆಂದು ಗೋವಾ ಕಡೆಯಿಂದ ಜಾಂಬೋಟಿಯ ದಾರಿಯಲ್ಲಿ ನಡೆದು ಬರುತ್ತಿದ್ದರಂತೆ. ಖಾನಾಪುರದ ಬಸದಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮುಂಜಾನೆ ಊರಿನ ಯಾವುದಾದರೊಂದು ಜೈನರ ಮನೆಯಲ್ಲಿ ಆಹಾರ ಮುಗಿಸಿ, ಮಧ್ಯಾಹ್ನ ಹಳಿಯಾಳದ ಕಡೆ ಹೊರಡುವವರು. ಇಷ್ಟು ಹತ್ತಿರ ಅವರು ಬಂದದ್ದು ಮೂವತ್ತು ವರ್ಷಗಳಲ್ಲಿ ಇದೇ ಮೊದಲು.

ಅಣ್ಣನ ಬೊಗಸೆಗೆ ತನ್ನ ಕೈಯಿಂದ ಒಂದು ತುತ್ತು ಹಾಕಬೇಕು ಎಂಬುದು ಅವ್ವನ ಆಸೆ. ಬೇರೇನನ್ನೂ ಆಕೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಾಣೆ. "ಹಂಗಾದ್ರ ಇಷ್ಟು ವರ್ಷ ಅವರು ಇರೋ ಊರಿಗೇ ಹೋಗಬಹುದಿತ್ತಲ್ಲ" ಎಂದು ನಾನು ಒಮ್ಮೆ ಕೇಳಿದ್ದೆ.

"ಬೆನ್ನ ಹತ್ತಿ ಹೋಗಬಾರದು" ಎಂದಿದ್ದಳು. "ಅವರು ಬಿಟ್ಟ ನಂಟು ನಾ ಹೊತ್ಕೊಂಡು ಹೋಗಿ ಅವರ ಮುಂದ ಇಡೂದು ತಪ್ಪು. ನಮ್ಮವರ ಬಾಗಲದ ಮುಂದ ಅವರಾಗೇ ಬಂದ್ರ ಕೊಡೂದು, ಅಷ್ಟ."

ಖಾನಾಪುರದ ಅತ್ತೆಯ ಮನೆ ನಮ್ಮವರ ಬಾಗಿಲು. ಅವರಾಗೇ ಆ ಬಾಗಿಲಿಗೆ ಬಂದು ನಿಂತರೆ ಅವ್ವನಿಗೆ ಇದೊಂದೇ ಅವಕಾಶ. ಅಂದು ಅವರ ಆಹಾರವಾಗುವವರೆಗೆ ತಾನು ಹನಿ ನೀರೂ ಮುಟ್ಟುವುದಿಲ್ಲ ಎಂದು ಅವ್ವ ಮೊದಲೇ ನೇಮ ಮಾಡಿಕೊಂಡಳು. ಮತ್ತೆ ನನಗೊಂದು ಶರತ್ತು ಹಾಕಿದಳು.

"ದಾರೀ ತುಂಬ ಜೀವ ಕೊಂದ್ಕೋತ ಹೋಗಿ ಮಹಾರಾಜರಿಗೆ ಆಹಾರ ಕೊಡೂದೇನು? ನಿನ್ನ ಪೈಪಿನ ಬಾಯಿಗೆ ಬಟ್ಟಿ ಕಟ್ಟು. ಎರಡು ಪದರ ಮಾಡಿ ಕಟ್ಟು."

"ಮುಂದಿನ ಗ್ಲಾಸಿಗೂ ಹುಳ ಬಡೀತಾವ. ಅದಕ್ಕೂ ಒಂದು ಸೀರಿ ಸುತ್ತಲೇನು?"

"ನಿನಗ ಎಷ್ಟು ಕೈಲಾಗ್ತದ ಅಷ್ಟು ಮಾಡು. ಆಗದ್ದು ಬಿಡು."

ತಮಾಷೆ ಮಾಡಿದರೂ ಮಾಡಿಕೊಟ್ಟೆ. ದಪ್ಪನೆಯ ಕಾಟನ್ ಬಟ್ಟೆಯನ್ನು ಆಕೆ ಬಿಸಿಲಿಗೆ ಹಿಡಿದು, ಆಚೆಯ ಬೆಳಕು ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡು ಪದರ ಹಾಕಿ ಚೀಲದ ಹಾಗೆ ಹೊಲಿದಳು. ಜಾಳಿಗೆಯ ಮೇಲೆ ಅದನ್ನು ತೊಡಿಸಿ ಕ್ಲಾಂಪು ಬಿಗಿದೆ. ಅವ್ವನನ್ನು ಕೂರಿಸಿಕೊಂಡು ಸಾಂಬ್ರಾದವರೆಗೆ ಹೋದೆ. ಒಣ ಹವೆ, ವಿಮಾನ ನಿಲ್ದಾಣದ ನೆಟ್ಟನೆಯ ರಸ್ತೆ. ಗಾಡಿ ಹಿಂದೆಂದೂ ಇಲ್ಲದ ಹಾಗೆ ಎಳೆಯಿತು. ಬಟ್ಟೆಯಿಲ್ಲದಿದ್ದರೆ ಇನ್ನೂ ಎಳೆಯುತ್ತಿತ್ತು ಎಂದು ನನಗೆ ಗೊತ್ತಾಯಿತು, ಹೇಳಲಿಲ್ಲ. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಟ್ಟೆ ಬಿಚ್ಚಿ ಕೊಟ್ಟೆ. ಅವ್ವ ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಝಾಡಿಸಿದಳು. ಎರಡು ಬಿಳಿ ಪತಂಗಗಳು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಹಾರಿ ಹೋದವು.

"ನೋಡು" ಎಂದಳು ಅವ್ವ. ಆಕೆಯ ಮುಖ ಅರಳಿತ್ತು. ನನಗೂ ಭಾಳ ಸಂತೋಷವಾಯಿತು. ನಾನು ಮಾಡಿದ ವಸ್ತುವನ್ನು ಅವ್ವ ಮೆಚ್ಚಿಕೊಂಡು ಎಷ್ಟೋ ಕಾಲವಾಗಿತ್ತು.

ಖಾನಾಪುರಕ್ಕೆ ಹೋಗುವ ಹಿಂದಿನ ದಿನ ಪೈಪಿನ ಒಂದು ಮೂಲೆ ಬಾನೆಟ್ಟಿಗೆ ತಿಕ್ಕುತ್ತಿರುವುದು ಕಣ್ಣಿಗೆ ಬಿತ್ತು. ತಿಕ್ಕಿದರೆ ತಿಕ್ಕಲಿ ಎಂದು ಬಿಡಬಹುದಿತ್ತು. ನಾನು ಮತ್ತೆ ಎಲ್ಲ ಬಿಚ್ಚಿ, ಪೈಪನ್ನು ಅರ್ಧ ಇಂಚು ಕೊಯ್ದು, ವೆಲ್ಡರನ ಹತ್ತಿರ ಮತ್ತೆ ಬೆಸೆಯಲು ಕೊಟ್ಟೆ. ನಾಲ್ಕು ಗಂಟೆಗೆ ಅವ್ವ ಚೀಲ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು. ಚೀಲದಲ್ಲಿ ಮಡಿ ಸೀರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.

"ಇವತ್ತ ಸಂಜೀಕ ಹೋಗಿಬಿಡೂಣು. ಮುಂಜಾನೆದ್ದು ಅಲ್ಲೇ ಜಳಕಾ ಮಾಡಿ ಅಡಗಿಗೆ ಕೂಡ್ತೇನಿ."

"ಗಾಡಿ ಬಿಚ್ಚೇನಿ ಅವ್ವಾ. ಮುಂಜಾನೆ ಏಳಕ್ಕ ಬಿಟ್ರ ಮುಕ್ಕಾಲು ತಾಸಿನ್ಯಾಗ ಖಾನಾಪುರ. ಮಂದಿ ಮನ್ಯಾಗ ಹೋಗಿ ಮಲಗೂದ್ಯಾಕ?"

"ಮಳಿ ಬಂದ್ರ?"

"ಬಂದ್ರ ಬರ್ಲಿ. ಗಾಡ್ಯಾಗ ಕೂಡ್ತಿ, ತೊಯ್ಯೂದಿಲ್ಲಲ್ಲ."

ಆಕೆ ಚೀಲ ಹಿಡಿದುಕೊಂಡು ಮನೆಗೆ ವಾಪಸ್ಸು ಹೋದಳು. ಹುಟ್ಟಿದಾಗಿನಿಂದ ಬೆಳಗಾವಿಯ ಮಳೆಯಲ್ಲಿ ಬೆಳೆದವನು ನಾನು. ಜೂನ್ ತಿಂಗಳಲ್ಲಿ ಖಾನಾಪುರದ ಕಡೆ ಮೋಡ ಕವಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಾತ್ರಿ ಪೈಪು ಜೋಡಿಸಿ, ಬಾಯಿಗೆ ಬಟ್ಟೆ ಮತ್ತೆ ಕಟ್ಟಿದೆ. ಮುಂಜಾನೆ ಏಳಕ್ಕೆ ಹೊರಟಾಗ ಬರೀ ಮೋಡವಿತ್ತು. ಪಿರನವಾಡಿ ದಾಟುತ್ತಿದ್ದ ಹಾಗೆ ಮಳೆ ಶುರುವಾಯಿತು. ಹನಿಯಾಗಿ ಬಂದದ್ದು ನೋಡನೋಡುತ್ತ ಜಡಿಮಳೆಯಾಯಿತು. ಮುಂದೆ ಹೋಗುತ್ತಿದ್ದ ಲಾರಿಗಳ ಚಕ್ರದಿಂದ ಕೆಸರು ನೀರು ಎದುರಿಗೇ ರಾಚುತ್ತಿತ್ತು. ಇನ್ನೆರಡು ಮೈಲಿ ಹೋಗಿರಬೇಕು, ಗಾಡಿ ಒಮ್ಮೆ ಮುಗ್ಗರಿಸಿತು. ಎಕ್ಸಲರೇಟರ್ ಒತ್ತಿದಷ್ಟೂ ಸೊರಗಿ, ಕಡೆಗೆ ನಿಂತೇಹೋಯಿತು. ಮತ್ತೆ ಚಾಲೂ ಮಾಡಿದೆ, ಆಯಿತು, ಕಾಲಿಟ್ಟರೆ ಸತ್ತಿತು.

ಕೊಡೆ ಹಿಡಿದು ಬಾನೆಟ್ಟು ಎತ್ತಿದೆ. ಪ್ಲಗ್ಗುಗಳನ್ನು ನೋಡಿದೆ, ಒರೆಸಿ ಹಾಕಿದೆ. ಬ್ಯಾಟರಿಯ ವೈರು ಅಲುಗಾಡಿಸಿದೆ. ಫ್ಯೂಸು ತೆಗೆದು ಹಾಕಿದೆ. ಪೆಟ್ರೋಲ್ ಪಂಪಿನ ಸದ್ದು ಕೇಳಲು ಹಿಂದಿನ ಸೀಟು ಎತ್ತಿ ಕಿವಿಯಿಟ್ಟೆ. ಕಂಪನಿಯವರು ಮಾಡಿದ್ದನ್ನೆಲ್ಲ ಒಂದೊಂದಾಗಿ ಶಂಕಿಸಿದೆ. ನಾನು ಮಾಡಿದ್ದೊಂದನ್ನು ಬಿಟ್ಟು.

ಅವ್ವ ಕಿಟಕಿಯ ಗ್ಲಾಸು ಇಳಿಸಿದಳು. "ಆ ಬಟ್ಟಿ ತೊಯ್ದಿರಬೇಕು ನೋಡೋ."

"ನಿನಗೇನು ತಿಳೀತದ? ಸುಮ್ ಕುಂದ್ರು" ಎಂದೆ. ಜೋರಾಗಿಯೇ ಅಂದೆ.

ಆಕೆ ಗ್ಲಾಸು ಏರಿಸಿಕೊಂಡಳು. ಅಷ್ಟರಲ್ಲಿ ಖಾನಾಪುರದ ಕೆಂಪು ಬಸ್ಸು ಲೈಟು ಹಾಕಿಕೊಂಡು ಬರುವುದು ಕಂಡಿತು. ಗ್ಲಾಸು ಮತ್ತೆ ಇಳಿಯಿತು. "ಕೈ ಮಾಡ್ಲೇನೋ?"

"ಐದ್ ನಿಮಿಷ ತಡಿ. ಈಗ ಚಾಲೂ ಆಗ್ತದ."

ಬಸ್ಸು ನೀರು ಹಾರಿಸುತ್ತ ಹೋಯಿತು. ಐದು ನಿಮಿಷ ಎಂದದ್ದು ಒಂದು ತಾಸಾಯಿತು. ಇನ್ನೊಂದು ಬಸ್ಸು ಹೋಯಿತು. ಅವ್ವ ಮತ್ತೆ ಕೇಳಲಿಲ್ಲ.

ಎಂಟೂವರೆ ದಾಟಿದ ಮೇಲೆ, ನೋಡಲಿಕ್ಕೆ ಮತ್ತೇನೂ ಉಳಿಯದಿದ್ದಾಗ, ಕೆಸರಿನಲ್ಲಿ ಅಡ್ಡ ಬಿದ್ದು ಬಂಪರಿನ ಕೆಳಗೆ ಕೈ ಹಾಕಿದೆ. ಎರಡು ಪದರದ ಬಟ್ಟೆ ತೊಯ್ದು ತೊಪ್ಪೆಯಾಗಿ, ಇಂಜಿನ್ನಿನ ಸೆಳೆತಕ್ಕೆ ಜಾಳಿಗೆಗೆ ಗಟ್ಟಿಯಾಗಿ ಅಂಟಿತ್ತು. ಒಂದು ಎಳೆಯಷ್ಟು ಗಾಳಿಯೂ ಒಳಗೆ ಹೋಗುವ ಹಾಗಿರಲಿಲ್ಲ. ನನ್ನ ಗಾಡಿಯ ಮೂಗನ್ನು ನಾನೇ ಹಿಚುಕಿ ಹಿಡಿದಿದ್ದೆ. ಒಂದೇ ಕ್ಲಾಂಪು, ಎರಡು ನಿಮಿಷದ ಕೆಲಸ. ಬಟ್ಟೆಯನ್ನು ಕಿತ್ತು ರಸ್ತೆಯಾಚೆ ಬೀಸಿ ಒಗೆಯಲು ಕೈಯೆತ್ತಿದೆ.

"ಒಗೀಬ್ಯಾಡ" ಎಂದು ಅವ್ವ ಕೆಳಗಿಳಿದಳು. ಕೊಡೆಯಿಲ್ಲ, ತಲೆಯ ಮೇಲೆ ಸೆರಗು ಅಷ್ಟೇ. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೊದಲ ಮಳೆಗೆ ಹುತ್ತದಿಂದ ಏಳುವ ರೆಕ್ಕೆಯ ಹುಳಗಳು ಅದಕ್ಕೆ ತುಂಬ ಮೆತ್ತಿಕೊಂಡಿದ್ದವು. ಕೆಲವು ಇನ್ನೂ ಅಲುಗುತ್ತಿದ್ದವು. ರಸ್ತೆಯ ಪಕ್ಕದ ಮರದ ಬುಡಕ್ಕೆ ಹೋಗಿ, ಮಳೆ ಕಡಿಮೆ ಬೀಳುವ ಕಡೆ ಬಟ್ಟೆ ಹಾಸಿ, ಅಲುಗುವವನ್ನು ಒಂದೊಂದಾಗಿ ಎಲೆಯ ತುದಿಯಿಂದ ಎತ್ತಿ ಎತ್ತಿ ತೊಗಟೆಯ ಮೇಲೆ ಬಿಡತೊಡಗಿದಳು.

"ಅವ್ವಾ, ಹೊತ್ತಾಗ್ತದ, ಬಾ."

"ಬಂದೆ."

ಬರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಅಲ್ಲಿ ಮೂವತ್ತು ವರ್ಷದ ಮೇಲೆ ಅಣ್ಣ ಬಂದು ಬಾಗಿಲ ಮುಂದೆ ಹಾಯುವ ಹೊತ್ತು, ಇಲ್ಲಿ ಈಕೆ ಗೆದ್ದಲಿನ ಹುಳ ಆರಿಸುತ್ತ ಕೂತಿದ್ದಾಳೆ. ಸಿಟ್ಟು ಮಾಡುವ ಹಕ್ಕು ನನಗೆಲ್ಲಿತ್ತು, ಆದರೂ ಬಂತು. ಕಡೆಯ ಹುಳ ಬಿಟ್ಟ ಮೇಲೆಯೇ ಆಕೆ ಎದ್ದದ್ದು. ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು.

ಬಟ್ಟೆಯಿಲ್ಲದೆ ಗಾಡಿ ಒಳ್ಳೆ ಜೋರಿನಿಂದ ಓಡಿತು. ಆದರೆ ಮಳೆಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ, ಒಂದು ಕಡೆ ಮರ ಬಿದ್ದು ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಅತ್ತೆಯ ಮನೆ ಮುಟ್ಟಿದಾಗ ಹತ್ತು ಗಂಟೆಯ ಹತ್ತಿರ. ಬಾಗಿಲಲ್ಲಿ ರಂಗೋಲಿ ಅರ್ಧ ತೊಳೆದುಹೋಗಿತ್ತು. ಮನೆಯೊಳಗೆ ಮಾತಿನ ಸದ್ದಿರಲಿಲ್ಲ. ಅತ್ತೆಯ ಸೊಸೆ ಓಡುತ್ತ ಹೊರಗೆ ಬಂದಳು.

"ಮಹಾರಾಜರು ನಮ್ಮ ಬಾಗಲಕ್ಕೇ ನಿಂತ್ರು ಆಯೀ. ಮನಸಿನ್ಯಾಗ ಏನು ನೇಮ ಇಟ್ಕೊಂಡಿದ್ರೋ, ಮೂರು ಮನಿ ದಾಟಿ ನಮ್ಮಲ್ಲೇ ಬಂದ್ರು. ಈಗಷ್ಟ ಆಹಾರ ಚಾಲೂ ಆಗೇತಿ. ಲಗೂನ ಜಳಕಾ ಮಾಡ್ರಿ, ಒಂದು ತುತ್ತಾದ್ರೂ ಕೊಡಾಕ ಸಿಗ್ತದ."

ಕೆಸರಿನ ಮೈಯಲ್ಲಿ ಆಹಾರ ಕೊಡುವಂತಿಲ್ಲ. ಸ್ನಾನ ಮಾಡಿ, ಯಾರನ್ನೂ ಮುಟ್ಟದೆ, ಮಡಿ ಸೀರೆ ಉಟ್ಟು ಬರಬೇಕು. ಅವ್ವ ಚೀಲ ಹಿಡಿದು ಹಿತ್ತಲ ಬಚ್ಚಲಿಗೆ ಹೋದಳು. ಎಪ್ಪತ್ತಾರರ ಕಾಲು ಎಷ್ಟು ಬೇಗ ನಡೆಯಬಲ್ಲದೋ ಅಷ್ಟು ಬೇಗ.

ನಾನು ಅಂಗಳದ ಕಿಟಕಿಯಲ್ಲಿ ನಿಂತೆ. ಮಹಾರಾಜರದು ಬತ್ತಿದ ಮೈ, ನೆಟ್ಟಗೆ ನಿಂತಿದ್ದರು. ಅತ್ತೆ ಹಾಲು ಹುಯ್ದಳು, ಅನ್ನವನ್ನು ಹಿಸುಕಿ ಸಣ್ಣ ತುತ್ತು ಮಾಡಿ ಬೊಗಸೆಯಲ್ಲಿಟ್ಟಳು. ಅವರು ಹೆಬ್ಬೆರಳಿಂದ ಒತ್ತಿ ಹುಳ, ಕೂದಲು ಇಲ್ಲವೆಂದು ನೋಡಿಕೊಂಡು ಬಾಯಿಗೆ ಒಯ್ಯುತ್ತಿದ್ದರು. ಅಂಥದ್ದೇನಾದರೂ ಸಿಕ್ಕರೆ ಅವತ್ತಿನ ಊಟ ಅಲ್ಲಿಗೇ ಮುಗಿಯುತ್ತದೆ. ಏನೂ ಸಿಗಲಿಲ್ಲ. ನಿಧಾನವಾಗಿ ತಿನ್ನಲಿ ದೇವರೇ ಎಂದು ನಾನು ಬೇಡಿಕೊಂಡೆ. ಬಸದಿಯ ಮೆಟ್ಟಿಲು ಹತ್ತದವನು ಅವತ್ತು ಮನಸ್ಸಿಟ್ಟು ಬೇಡಿಕೊಂಡೆ. ಅವರು ಕಡೆಯ ನೀರು ಕುಡಿದರು. ಬೊಗಸೆ ಬಿಡಿಸಿದರು. ಆಮೇಲೆ ಅವ್ವ ಒಳಬಾಗಿಲಲ್ಲಿ ಕಾಣಿಸಿದಳು, ಕೂದಲಿನಿಂದ ನೀರು ಇಳಿಯುತ್ತಿತ್ತು.

ಬೊಗಸೆ ಬಿಡಿಸಿದ ಮೇಲೆ ಅವರು ಮರುದಿನದವರೆಗೆ ಏನನ್ನೂ ಮುಟ್ಟುವುದಿಲ್ಲ. ಅವ್ವನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲೇ ಮೊಣಕಾಲೂರಿ ನಮಸ್ಕಾರ ಮಾಡಿದಳು. ಅವರು ಎಲ್ಲರಿಗೂ ಮಾಡಿದ ಹಾಗೆ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಅವರು ನಡೆದುಹೋದರು.

ಸಂಜೆ ವಾಪಸ್ಸು ಬರುವಾಗ ಅವ್ವ ಕೇಳಿದಳು, "ನೀ ಕಿಟಕಿಯಾಗ ನಿಂತು ನೋಡಿದಿ ಅಲ್ಲ. ಏನೇನು ತೊಗೊಂಡ್ರು?"

ಹೇಳಿದೆ. ಹಾಲು, ಅನ್ನ, ತುಪ್ಪ ಕಲಸಿದ ಹೆಸರುಬೇಳೆ. ಎರಡನೆಯ ಸಲ ಅನ್ನ ಕೊಟ್ಟಾಗ ಬೇಡವೆನ್ನಲಿಲ್ಲ. ಕೈ ನಡುಗುತ್ತಿರಲಿಲ್ಲ. ಆಕೆ ಇನ್ನೇನು, ಇನ್ನೇನು ಎಂದು ಕೇಳುತ್ತ ಹೋದಳು, ನಾನು ನೆನಪಾದದ್ದನ್ನೆಲ್ಲ ಹೇಳುತ್ತ ಹೋದೆ. ಹೇಳುವುದು ಮುಗಿದಾಗ ನನ್ನಿಂದ ತಡೆಯಲಾಗಲಿಲ್ಲ.

"ತಪ್ಪು ನಂದು ಅವ್ವಾ."

"ಹೌದು, ನಿಂದ" ಎಂದಳು. ಸಿಟ್ಟಿರಲಿಲ್ಲ ಮಾತಿನಲ್ಲಿ. "ನಂದೂ ಅದ. ಬಸ್ ಬಂದಾಗ ನಿನ್ನ ಕೇಳೂದೇನಿತ್ತು, ಇಳದು ಕೈ ಮಾಡಿ ಹತ್ತಬೇಕಾಗಿತ್ತು. ಎರಡು ಬಸ್ ಬಂದ್ವು."

"ಮತ್ತ ಯಾಕ ಹತ್ತಲಿಲ್ಲ?"

"ಅಷ್ಟು ದಿನ ಕುಂತು ಮಾಡಿದ್ದಿ. ನಾ ಬಿಟ್ಟು ಬಸ್ ಹತ್ತಿದ್ರ ನಿನ್ನ ಮಾರಿ ಸಣ್ಣದಾಗ್ತಿತ್ತು."

ನಾನು ಗಾಡಿಯನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದೆ. ಐವತ್ತಮೂರು ವರ್ಷದವನು, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವ್ವ ಅಳಬೇಡ ಅನ್ನಲಿಲ್ಲ. ಅಳುವಷ್ಟು ಅಳಲಿ ಎಂದು ಪಕ್ಕದಲ್ಲಿ ಕೂತಿದ್ದಳು.